ಎರಡನೇ ಸಲ ಬರೆಯಲು ಬಿಡೋಣ

ಒಂಬತ್ತನೇ ತರಗತಿಗೆ ‘ಚಲನೆ’ ಘಟಕ ಮುಗಿಸಿ ಕಿರುಪರೀಕ್ಷೆ ಕೊಟ್ಟಿದ್ದೆ. ಆಲೂರಿನಿಂದ ಸಕಲೇಶಪುರಕ್ಕೆ ಹೊರಟ ಬಸ್ಸಿನ ದೂರ-ಕಾಲ ನಕ್ಷೆ ಅದು. 10ನೇ ನಿಮಿಷದಿಂದ 15ನೇ ನಿಮಿಷದವರೆಗೆ ಗೆರೆ ಅಡ್ಡಕ್ಕೆ ಮಲಗಿದೆ. ಆಗ ಬಸ್ಸು ಏನು ಮಾಡುತ್ತಿತ್ತು? ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಸಮತಟ್ಟಾದ ರಸ್ತೆಯಲ್ಲಿ ಹೋಗುತ್ತಿತ್ತು’ ಎಂದು ಬರೆದಿದ್ದರು. ಗೆರೆ ಮೇಲೇರಿದ ಕಡೆ ‘ದಿಬ್ಬ ಹತ್ತುತ್ತಿದೆ’ ಎಂದಿದ್ದರು. ದಿನವೂ ಏರಿಳಿತದ ದಾರಿಯಲ್ಲೇ ಶಾಲೆಗೆ ಬರುವ ಮಕ್ಕಳು. ನಕ್ಷೆಯನ್ನು ರಸ್ತೆಯ ಚಿತ್ರವೆಂದೇ ತಿಳಿದಿದ್ದರು.

ನಾನು ಸೊನ್ನೆ ಹಾಕಿ, ಕೆಂಪು ಶಾಯಿಯಲ್ಲಿ ‘ಗಮನವಿಟ್ಟು ಓದು’ ಎಂದು ಬರೆದೆ. ಮರುದಿನ ಒಬ್ಬಳು ಬಂದು ಕೇಳಿದಳು: “ಮಿಸ್, ಯಾವ ಪುಟ ಓದ್ಬೇಕು?” ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಓದಿಯೇ ಬಂದಿದ್ದಳು.

ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ನಾವೆಲ್ಲ ರೆಕಾರ್ಡ್ ಬರೆದಿದ್ದೇವೆ. (ನನ್ನದಕ್ಕೆ ಒಳ್ಳೆಯ ಅಂಕವೂ ಬಂದಿತ್ತು.) ಅದು ನೆನಪಾಗಿದ್ದು ಆಗಲೇ. ಉತ್ತರ ಪತ್ರಿಕೆಗಳನ್ನು ವಾಪಸು ಪಡೆದು, ನನ್ನ ಷರಾ ಹೊಡೆದುಹಾಕಿ ಹೀಗೆ ಬರೆದೆ: ‘10ನೇ ನಿಮಿಷದಲ್ಲಿ ಬಸ್ಸು ಎಷ್ಟು ದೂರದಲ್ಲಿದೆ? 15ನೇ ನಿಮಿಷದಲ್ಲಿ?’ ಎರಡೂ ಒಂದೇ ಎಂದು ಕಂಡಕೂಡಲೇ ಹಿಂದಿನ ಬೆಂಚಿನಿಂದ “ನಿಂತಿತ್ತು ಮಿಸ್!” ಎಂಬ ಕೂಗು ಬಂತು. ನಡುವೆ ಎರಡು ದಿನ ಮಳೆ ರಜೆ. ಆಮೇಲೆ ಬೇರೆ ನಕ್ಷೆ, ಸೈಕಲ್ಲಿನದು, ಕೊಟ್ಟು ಮರುಪರೀಕ್ಷೆ ಮಾಡಿದೆ. ಹೆಚ್ಚಿನವರು ಸರಿಯಾಗಿ ಬರೆದರು. ಕೆಲವರು ಮತ್ತೆ ತಪ್ಪಿದರು; ಅವರಿಗೆ ಅಂಗಳದಲ್ಲಿ ನಡೆದು, ನಿಂತು, ನಕ್ಷೆ ಬರೆಸಬೇಕಾಯಿತು.

ಎರಡನೇ ಸಲದ ಅಂಕವನ್ನೇ ರೂಪಣಾತ್ಮಕ ಮೌಲ್ಯಮಾಪನದ ವಹಿಗೆ ಸೇರಿಸಬೇಕು ಎಂಬುದು ನನ್ನ ವಾದ. ಮೊದಲ ಸಲವೇ ಸರಿ ಬರೆದವರಿಗೆ ಇದು ಅನ್ಯಾಯ ಎಂದು ಸಹಪಾಠಿಗಳು ಹೇಳುತ್ತಾರೆ. ಅವರ ಅಂಕವೇನೂ ಕಡಿಮೆಯಾಗುವುದಿಲ್ಲವಲ್ಲ! 2024ರಲ್ಲಿ ಪರೀಕ್ಷಾ ಮಂಡಳಿಯೇ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಮೂರು ಪರೀಕ್ಷೆ ನಡೆಸಿ, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಆದರೆ ಮಂಡಳಿ ಕೊಡುವುದು ಅವಕಾಶ ಮಾತ್ರ. ಎಲ್ಲಿ ತಪ್ಪಿದೆ ಎಂದು ತಿಳಿಯದ ಹುಡುಗ ಮೂರು ಸಲವೂ ಅದೇ ಸಮತಟ್ಟಾದ ರಸ್ತೆಯನ್ನೇ ಬರೆಯುತ್ತಾನೆ. ಹಿಮ್ಮಾಹಿತಿ ಕೊಡುವ ಕೆಲಸ ತರಗತಿಯ ಶಿಕ್ಷಕರದೇ.

ಸಮಯ ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ನನಗೆ ಒಂದೂವರೆ ಪಿರಿಯಡ್ ಹಿಡಿಯಿತು, ಮುಂದಿನ ಘಟಕ ಅಷ್ಟು ಹಿಂದೆ ಬಿತ್ತು. ಪ್ರತಿ ಘಟಕಕ್ಕೂ ಇದು ಆಗದು. ಘಟಕಕ್ಕೊಂದು ಮುಖ್ಯ ತಪ್ಪನ್ನು ಆರಿಸಿಕೊಂಡರೂ ಸಾಕು.

ನಮ್ಮ ಪಾಠಯೋಜನೆಯ ಮೇಲೂ ಮೇಲ್ವಿಚಾರಕರು ಷರಾ ಬರೆಯುತ್ತಾರೆ. ಅದೇ ಪಾಠವನ್ನು ತಿದ್ದಿಕೊಂಡು ಮತ್ತೆ ಮಾಡುವ ಅವಕಾಶ ನಮಗೂ ಸಿಗುವುದಿಲ್ಲ. ‘ಚಲನೆ’ಯನ್ನು ‘ಬಿ’ ವಿಭಾಗಕ್ಕೆ ಇನ್ನೊಮ್ಮೆ ಮಾಡುತ್ತೇನೆಂದು ಕೇಳಿಕೊಂಡಿದ್ದೇನೆ.