ದುಡಿದವರ ಹೆಸರು

ಈ ಸ್ಮರಣ ಸಂಚಿಕೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಸಿದ್ಧವಾದದ್ದು ಕೃತಜ್ಞತೆಯ ಪುಟ. ಜಾಹೀರಾತು, ದೇಣಿಗೆ ಕೊಟ್ಟವರ ಹೆಸರುಗಳು ರಸೀದಿ ಪುಸ್ತಕದಲ್ಲೇ ಸಿಕ್ಕವು. ದುಡಿದವರಿಗೆ ಯಾರೂ ರಸೀದಿ ಹರಿದು ಕೊಟ್ಟಿರುವುದಿಲ್ಲ. ಕರಡಿನಲ್ಲಿ ಅವರಿಗೆಂದು ಇದ್ದದ್ದು 'ಹಾಗೂ ಎಲ್ಲ ಕಾರ್ಯಕರ್ತರಿಗೆ' ಎಂಬ ಒಂದೇ ಸಾಲು. ಅದನ್ನು ಹೊಡೆದುಹಾಕಿದ್ದೇವೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯ ಪ್ರಸಂಗ ಹಲವರಿಗೆ ಗೊತ್ತಿದೆ. 1905ರಲ್ಲಿ ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಬಿಚ್ಚಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! ಕಳೆದೇಹೋಯಿತೆಂದು ವಿದ್ವಾಂಸರು ಆಸೆ ಬಿಟ್ಟಿದ್ದ ಗ್ರಂಥ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಶಾಸ್ತ್ರಿಗಳ ಹೆಸರು ಶಾಶ್ವತವಾಗಿ ಉಳಿಯಿತು, ಉಳಿಯಬೇಕಾದದ್ದೇ. ಆ ಕಟ್ಟನ್ನು ಗ್ರಂಥಾಲಯಕ್ಕೆ ತಂದುಕೊಟ್ಟವರು ಮಾತ್ರ ಇಂದಿಗೂ 'ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು'. ಶಾಸ್ತ್ರಿಗಳೇನೂ ಮುಚ್ಚಿಡಲಿಲ್ಲ, ಪಂಡಿತರ ಉಪಕಾರವನ್ನು ದಾಖಲಿಸಿದರು. ಆದರೂ ಹೆಸರಿಲ್ಲದ ಉಪಕಾರ ಯಾರ ಮನೆಯನ್ನೂ ತಲುಪುವುದಿಲ್ಲ. ಆ ಪಂಡಿತರ ಮರಿಮಕ್ಕಳು ಎಲ್ಲಾದರೂ ಇದ್ದರೆ, ಅದು ತಮ್ಮ ಮುತ್ತಜ್ಜನ ಕೆಲಸವೆಂದು ಹೇಳಿಕೊಳ್ಳುವುದಾದರೂ ಹೇಗೆ?

ಹೆಸರು ಹೇಳಿ ಗೌರವಿಸುವವರೂ ಇದ್ದಾರೆ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ಕಳಿಸಿದ ಲೇಖನವನ್ನು ಐನ್‌ಸ್ಟೈನ್ ತಾವೇ ಜರ್ಮನ್ ಭಾಷೆಗೆ ತಂದು, ಬೋಸರ ಹೆಸರಿನಲ್ಲೇ ಪ್ರಕಟಿಸಿ, ಅದು ಮಹತ್ವದ ಹೆಜ್ಜೆಯೆಂದು ಟಿಪ್ಪಣಿಯನ್ನೂ ಸೇರಿಸಿದರು. ದೊಡ್ಡವರ ದೊಡ್ಡತನ ಇದು.

ನಮ್ಮ ಸಂಘದಂಥ ಹೊರನಾಡಿನ ಸಂಘಗಳು ಸಂಬಳವಿಲ್ಲದ ದುಡಿಮೆಯಿಂದ ನಡೆಯುವಂಥವು. ಇಲ್ಲಿ ಹೆಸರು ತಪ್ಪಿದರೆ ನೋವು ಹೆಚ್ಚು. 'ಆ ಯೋಚನೆ ಮೊದಲು ನನ್ನದೇ' ಎನ್ನುವವರಿಗಿಂತ 'ಅವರೇನು ಮಹಾ ಮಾಡಿದರು' ಎನ್ನುವವರಿಂದ ಸಂಘಕ್ಕೆ ಕೆಡುಕು ಜಾಸ್ತಿ. ಅಂಥ ಒಂದು ಮಾತು ಕಿವಿಗೆ ಬಿದ್ದವರು ಮುಂದಿನ ವರ್ಷ ಬರುವುದಿಲ್ಲ. ಇನ್ನು 'ನನ್ನ ಹೆಸರು ಬೇಡ' ಎಂದು ಸಂಕೋಚಪಟ್ಟವರೂ ಇದ್ದರು. ಅವರ ಕ್ಷಮೆ ಕೋರಿ ಅವರ ಹೆಸರನ್ನೂ ಹಾಕಿದ್ದೇವೆ. ಸಂಘದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಅದು ಬೇಕು.

ಹಾಗಾಗಿ ಈ ಸಲ ಹೆಸರಿನ ಮುಂದೆ ಕೆಲಸವೂ ಇದೆ. ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸುವಾಗ ಒಡೆದ ಒತ್ತಕ್ಷರ, ಅರ್ಕಾವತ್ತುಗಳನ್ನು ರಾತ್ರಿಯೆಲ್ಲ ಕೂತು ಒಂದೊಂದಾಗಿ ಸರಿಪಡಿಸಿದವರು, ನಾಟಕಕ್ಕೆ ಪರದೆಯ ಹಿಂದಿನಿಂದ ಮಾತು ಹೇಳಿಕೊಟ್ಟವರು, ರಾಜ್ಯೋತ್ಸವದ ಊಟ ಮುಗಿದ ಮೇಲೆ ಕೊಳದಪ್ಪಲೆ ಉಜ್ಜಿದವರು, ಎಲ್ಲರೂ ಆ ಪುಟದಲ್ಲಿದ್ದಾರೆ.

ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ, ಒಬ್ಬರ ಕೆಲಸ ಇನ್ನೊಬ್ಬರ ಹೆಸರಿನ ಮುಂದೆ ಬಂದಿದ್ದರೆ ದಯವಿಟ್ಟು ಸಮಿತಿಗೆ ತಿಳಿಸಿ. ನಿಮ್ಮ ಹೆಸರಿಗಾಗಿ ಬರೆಯಲು ಸಂಕೋಚವಾದರೆ ಪಕ್ಕದವರ ಪರವಾಗಿ ಬರೆಯಿರಿ. ಯುಗಾದಿಯ ವಾರ್ತಾಪತ್ರದ ಮೊದಲ ಪುಟದಲ್ಲೇ ಅದನ್ನು ಅಚ್ಚು ಮಾಡುತ್ತೇವೆ.