ಶಾಲೆಯ ಅಳತೆಗೋಲು

ಬೇಸಿಗೆ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಎರಡು ಬೆಳೆಗಳ ಲೆಕ್ಕ ನಡೆಯುತ್ತದೆ. ಒಂದು ಅಡಿಕೆಯದು, ಇನ್ನೊಂದು ಮಕ್ಕಳ ಪರೀಕ್ಷೆಯದು. ಅಡಿಕೆಯ ಲೆಕ್ಕ ಹಾಕುವ ರೈತನು ಬಹಳ ಎಚ್ಚರದಿಂದ ಮಾತನಾಡುತ್ತಾನೆ. ತೋಟದ ಮಣ್ಣು ಎಂಥದು, ನೀರಿನ ಆಸರೆ ಎಷ್ಟು, ಸೊಪ್ಪಿನ ಬೆಟ್ಟ ಹತ್ತಿರವಿದೆಯೆ, ಮಳೆಗಾಲದಲ್ಲಿ ಕೊಳೆರೋಗ ತಗಲಿತ್ತೆ ಎಂಬುದನ್ನೆಲ್ಲ ವಿಚಾರಿಸದೆ ಅವನು ಒಬ್ಬನನ್ನು ಒಳ್ಳೆಯ ಕೃಷಿಕನೆಂದೂ ಇನ್ನೊಬ್ಬನನ್ನು ಸೋಮಾರಿಯೆಂದೂ ಕರೆಯುವುದಿಲ್ಲ. ಶಾಲೆಯ ಮಾತು ಬಂದಾಗ ಮಾತ್ರ ಅದೇ ರೈತನು ಈ ವಿವೇಕವನ್ನು ಮರೆತುಬಿಡುತ್ತಾನೆ. ಹೆಚ್ಚು ಅಂಕ ಬಂದ ಶಾಲೆ ಒಳ್ಳೆಯದು, ಕಡಿಮೆ ಅಂಕ ಬಂದ ಶಾಲೆ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ. ಈ ತೀರ್ಪು ನ್ಯಾಯವಾದುದೆ?

ಈ ಮೂರು ತಾಲ್ಲೂಕುಗಳು ಘಟ್ಟದ ಮೇಲಿನ ಸೀಮೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಕಣಿವೆಗೊಂದು ತೋಟ, ತೋಟದ ಅಂಚಿಗೆ ನಾಲ್ಕಾರು ಮನೆ, ಅಲ್ಲಿಂದಾಚೆ ಕಾಡು. ಇಂಥ ನೆಲದ ನಡುವೆ ನಿಂತಿರುವ ಸರ್ಕಾರಿ ಪ್ರಾಥಮಿಕ ಶಾಲೆಗೆ ಎಲ್ಲ ದಿಕ್ಕುಗಳಿಂದಲೂ ಮಕ್ಕಳು ಬರುತ್ತಾರೆ. ಹವ್ಯಕರ, ನಾಮಧಾರಿಗಳ, ಕರೆ ಒಕ್ಕಲಿಗರ ಮಕ್ಕಳು ಅಲ್ಲಿರುತ್ತಾರೆ. ಯಲ್ಲಾಪುರದ ಕಡೆಗೆ ಹೋದಂತೆ ಸಿದ್ದಿಗಳ, ಮರಾಠಿಗರ, ಗೌಳಿಗಳ ಮಕ್ಕಳು ಕಾಣುತ್ತಾರೆ. 2011ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯ ಸಾಕ್ಷರತೆ ಶೇಕಡ 84. ಇಡೀ ರಾಜ್ಯದ್ದು ಶೇಕಡ 75. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಸರಾಸರಿ ಎಂಬುದು ದಟ್ಟವಾದ ಕಂಬಳಿಯಂತೆ. ಅದರ ಅಡಿಯಲ್ಲಿ ಯಾರು ಬೆಚ್ಚಗಿದ್ದಾರೆ, ಯಾರು ಚಳಿಯಲ್ಲಿದ್ದಾರೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಒಂದನೆಯ ತರಗತಿಗೆ ಅದೇ ದಿನ ಸೇರಿದ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳೋಣ. ಒಂದು ಮಗುವಿನ ಮನೆಯಲ್ಲಿ ದಿನಪತ್ರಿಕೆ ಬರುತ್ತದೆ. ಅಜ್ಜಿ ಕಥೆ ಹೇಳುತ್ತಾಳೆ, ತಾಯಿ ಮಗ್ಗಿ ಹೇಳಿಕೊಡುತ್ತಾಳೆ. ಮನೆಯ ಮಾತೂ ಶಾಲೆಯ ಮಾತೂ ಕನ್ನಡವೇ. ಎರಡನೆಯ ಮಗು ಗೌಳಿವಾಡದಿಂದ ಬಂದದ್ದು. ಅದರ ಮನೆಯಲ್ಲಿ ನೀರಿಗೆ ‘ಪಾಣಿ’ ಎನ್ನುತ್ತಾರೆ. ಕೊಂಕಣಿ ಬೆರೆತ ಮಾತಿನ ಮನೆಯ ಮಗುವಾದರೆ ‘ಉದಕ’ ಎಂದೀತು. ಮಾಸ್ತರು ‘ನೀರು’ ಎಂದಾಗ ಮೊದಲನೆಯ ಮಗು ಅಕ್ಷರವನ್ನು ಕಲಿಯುತ್ತದೆ. ಎರಡನೆಯದು ಮೊದಲು ಪದವನ್ನು ಕಲಿತು ಅನಂತರ ಅಕ್ಷರಕ್ಕೆ ಬರಬೇಕು. ಒಂದೇ ಗಂಟೆಯಲ್ಲಿ ಅದು ಎರಡು ಪಾಠಗಳನ್ನು ಕಲಿಯುತ್ತಿದೆ. ಆದರೂ ನಮ್ಮ ಕಣ್ಣಿಗೆ ಅದು ‘ದಡ್ಡ’ ಮಗುವಾಗಿ ಕಾಣುತ್ತದೆ!

ಇನ್ನು ಹಾದಿಯ ಮಾತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯಿದೆಯನ್ನು ಸಂಸತ್ತು 2009ರಲ್ಲಿ ಅಂಗೀಕರಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಕಿರಿಯ ತರಗತಿಗಳ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬುದು ಅದರ ನಿಯಮ. ಆದರೆ ನಕ್ಷೆಯ ಮೇಲಿನ ಕಿಲೋಮೀಟರು ಬೇರೆ, ಆಷಾಢದ ಕಿಲೋಮೀಟರು ಬೇರೆ. ನಡುವೆ ಹಳ್ಳ ತುಂಬಿ ಹರಿದು ಕಾಲುಸಂಕ ಕೊಚ್ಚಿಹೋದರೆ ಶಾಲೆ ಎದುರಿಗೆ ಕಾಣುತ್ತಿದ್ದರೂ ತಲುಪಲಾಗದು. ಮಳೆ ನಿಂತಿತೆನ್ನುವಷ್ಟರಲ್ಲಿ ಅಡಿಕೆ ಸುಗ್ಗಿ ಬರುತ್ತದೆ. ತಂದೆತಾಯಿ ರಾತ್ರಿ ಬಹಳ ಹೊತ್ತು ಅಡಿಕೆ ಸುಲಿಯಲು ಹೋದರೆ ಎಳೆಯ ತಮ್ಮನನ್ನು ನೋಡಿಕೊಳ್ಳುವ ಹೊಣೆ ಅಕ್ಕನದು. ಮರುದಿನ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಬೀಳುವ ಗೈರುಹಾಜರಿಯ ಗುರುತಿನಲ್ಲಿ ಈ ಕಥೆ ಇರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದಾದ ಬದಲಾವಣೆಯೊಂದು ಕೆಲವು ದಶಕಗಳಿಂದ ನಡೆದುಬಂದಿದೆ. ತೋಟದ ಮನೆಗಳ ತರುಣರು ಬೆಂಗಳೂರು ಸೇರಿದರು. ಊರಿನಲ್ಲಿ ಮಕ್ಕಳೇ ಕಡಿಮೆಯಾದರು. ಉಳಿದವರಲ್ಲಿ ಅನುಕೂಲವಿದ್ದವರು ಮಕ್ಕಳನ್ನು ವಾಹನ ಹತ್ತಿಸಿ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳುಹಿಸತೊಡಗಿದರು. ಇದರ ಪರಿಣಾಮವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಒಂದು ಶಾಲೆಯಲ್ಲಿ 20 ಮಕ್ಕಳಿದ್ದಾರೆನ್ನೋಣ. ಮನೆಯ ಆಸರೆಯುಳ್ಳ 8 ಮಕ್ಕಳ ಸರಾಸರಿ ಅಂಕ 80. ಉಳಿದ 12 ಮಕ್ಕಳದು 50. ಇಡೀ ಶಾಲೆಯ ಸರಾಸರಿ 62. ಆ 8 ಮಕ್ಕಳು ಬಿಟ್ಟುಹೋದರು. ಉಳಿದ 12 ಮಂದಿಯನ್ನು ಮಾಸ್ತರು ಹಗಲಿರುಳು ದುಡಿದು 50ರಿಂದ 56ಕ್ಕೆ ಏರಿಸಿದರು. ಆಗ ಶಾಲೆಯ ಸರಾಸರಿ 62ರಿಂದ 56ಕ್ಕೆ ಇಳಿಯಿತು! ಪಾಠ ಉತ್ತಮವಾಯಿತು, ಪ್ರತಿಯೊಂದು ಮಗುವೂ ಮುಂದೆ ಬಂದಿತು. ಆದರೂ ಊರು ‘ಶಾಲೆ ಕೆಟ್ಟಿತು’ ಎಂದಿತು. ಆ ಮಾತನ್ನು ಕೇಳಿ ಇನ್ನಿಬ್ಬರು ಮಕ್ಕಳನ್ನು ಬಿಡಿಸಿದರು. ಕೊನೆಗೆ ಮಕ್ಕಳ ಸಂಖ್ಯೆ ಸಾಲದೆಂದು ಶಾಲೆಯನ್ನೇ ಮುಚ್ಚುವ ಮಾತು ಬಂದಿತು. ಮುಚ್ಚಿದಾಗ ನಷ್ಟವಾಗುವುದು ವಾಹನ ಹತ್ತಿ ಹೋದವರಿಗಲ್ಲ, ಹಳ್ಳ ದಾಟಿ ನಡೆದು ಬರುವವರಿಗೆ.

ಈ ಪ್ರಶ್ನೆ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜವಿಜ್ಞಾನಿ ಲಕ್ಷಾಂತರ ವಿದ್ಯಾರ್ಥಿಗಳನ್ನು ಕುರಿತು ಅಧ್ಯಯನ ನಡೆಸಿ 1966ರಲ್ಲಿ ವರದಿ ಪ್ರಕಟಿಸಿದನು. ಶಾಲೆಯ ಕಟ್ಟಡ, ಉಪಕರಣಗಳಿಗಿಂತ ಮಗುವಿನ ಮನೆಯ ಪರಿಸ್ಥಿತಿಯೂ ಸಹಪಾಠಿಗಳ ಹಿನ್ನೆಲೆಯೂ ಕಲಿಕೆಯ ಮೇಲೆ ಹೆಚ್ಚು ಪ್ರಭಾವ ಬೀರುತ್ತವೆ ಎಂಬುದು ಅವನ ನಿರ್ಣಯ. ಅದೇ ವರ್ಷ ನಮ್ಮ ದೇಶದ ಕೊಠಾರಿ ಆಯೋಗವು, ಜಾತಿ ಅಂತಸ್ತುಗಳ ಭೇದವಿಲ್ಲದೆ ಒಂದು ನೆರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಸಲಹೆ ಮಾಡಿತು. ಎರಡು ವರದಿಗಳನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ: ಮಕ್ಕಳು ಬೇರ್ಪಟ್ಟಾಗ ಬಡವರ ಮಗು ಗೆಳೆಯನೊಬ್ಬನನ್ನು ಮಾತ್ರವಲ್ಲ, ಗುರುವೊಬ್ಬನನ್ನೂ ಕಳೆದುಕೊಳ್ಳುತ್ತದೆ.

ಹಾಗೆಂದು ಎಲ್ಲ ದೋಷವನ್ನೂ ಮನೆಯ ಮೇಲೆ ಹೊರಿಸಿ ಶಾಲೆ ಕೈಕಟ್ಟಿ ಕುಳಿತುಕೊಳ್ಳಬಹುದೆ? ಎಂದಿಗೂ ಕೂಡದು. ‘ಈ ಜಾತಿಯ ಮಕ್ಕಳು ಇಷ್ಟೇ’ ಎಂಬ ಮಾತು ಕಡಿಮೆ ಅಂಕಕ್ಕಿಂತಲೂ ಘೋರವಾದ ಅನ್ಯಾಯ. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೂ ಬಹಳ ಮೊದಲೇ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ಓದಿ ಪದವೀಧರರಾದರು. 2020ರಲ್ಲಿ ರಾಜ್ಯದ ವಿಧಾನ ಪರಿಷತ್ತಿನ ಸದಸ್ಯರಾದರು. ಇದೇ ಜಿಲ್ಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡವರ ಮಕ್ಕಳ ಬಾಗಿಲಿಗೇ ಶಾಲೆಯನ್ನು ತಂದರು. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯು ಪ್ರತಿಯೊಂದು ಮಗುವೂ ತಾನು ನಿಂತ ಮೆಟ್ಟಿಲಿನಿಂದಲೇ ಏರಬಹುದೆಂದು ತೋರಿಸಿತು. ಮನೆಯ ಕೊರತೆಯನ್ನು ತುಂಬಬಲ್ಲ ಶಕ್ತಿ ಶಾಲೆಗೆ ಇದೆ. ಆದರೆ ಆ ಶಕ್ತಿಯನ್ನು ಅಳೆಯುವ ಕೋಲು ನಮ್ಮಲ್ಲಿ ಸರಿಯಿಲ್ಲ.

ಮಗು ಎಷ್ಟು ಎತ್ತರದಲ್ಲಿದೆ ಎಂದು ಕೇಳುವುದಕ್ಕೆ ಬದಲಾಗಿ, ಎಲ್ಲಿಂದ ಹೊರಟು ಎಷ್ಟು ದೂರ ನಡೆಯಿತು ಎಂದು ಕೇಳಬೇಕು. ಜೂನ್ ತಿಂಗಳಿನಲ್ಲಿ ಅಕ್ಷರವನ್ನೇ ಅರಿಯದಿದ್ದ ಮಗು ಮಾರ್ಚಿನಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆದರೆ ಅದು ದೊಡ್ಡ ಫಲಿತಾಂಶವೇ. ಈ ಮಾತನ್ನು ಒಪ್ಪಿದರೆ ನಮ್ಮ ಕರ್ತವ್ಯವೂ ತಾನಾಗಿ ಹೊಳೆಯುತ್ತದೆ. ದೂರದ ಶಾಲೆಗೆ ಶಿಕ್ಷಕರು ಅತಿಥಿಗಳಂತೆ ಬಂದುಹೋಗದೆ ನೆಲೆನಿಲ್ಲುವ ಏರ್ಪಾಡಾಗಬೇಕು. ಮೊದಲ ವರ್ಷ ಮನೆಯ ಮಾತಿಗೆ ತರಗತಿಯಲ್ಲಿ ಎಡೆ ದೊರೆಯಬೇಕು. ಶಾಲೆಯನ್ನು ಮುಚ್ಚುವ ಮುನ್ನ ತಲೆಗಳನ್ನು ಮಾತ್ರ ಎಣಿಸದೆ ಹಳ್ಳಗಳನ್ನೂ ಎಣಿಸಬೇಕು. ಮಗುವನ್ನು ಪೇಟೆಗೆ ಕಳುಹಿಸಿದವರೂ ತಮ್ಮ ಊರಿನ ಶಾಲೆಯನ್ನು ಮರೆಯಬಾರದು. ಅವರ ತಂದೆ ತಾತಂದಿರು ಅಕ್ಷರ ಕಲಿತದ್ದು ಅದೇ ಹೆಂಚಿನ ಮಾಡಿನ ಕೆಳಗೆ.

ಇದನ್ನು ಓದುತ್ತಿರುವ ನೀವು ಪ್ರೌಢಶಾಲೆಯವರೆಗೆ ಬಂದಿದ್ದೀರಿ. ನಿಮ್ಮೊಂದಿಗೆ ಒಂದನೆಯ ತರಗತಿಯಲ್ಲಿ ಕುಳಿತಿದ್ದ ಎಲ್ಲರೂ ನಿಮ್ಮೊಡನೆ ಇದ್ದಾರೆಯೆ? ಇಲ್ಲದವರನ್ನು ಒಮ್ಮೆ ನೆನೆಯಿರಿ. ಅವರು ಬುದ್ಧಿಯಲ್ಲಿ ನಿಮಗಿಂತ ಕಡಿಮೆಯಾಗಿದ್ದರೋ, ಅಥವಾ ಅವರ ಹಾದಿಯ ಕಾಲುಸಂಕ ಕೊಚ್ಚಿಹೋಗಿತ್ತೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಆ ಸಂಕವನ್ನು ಮತ್ತೆ ಕಟ್ಟುವುದು ಮುಂದೆ ನಿಮ್ಮ ಕೈಯಲ್ಲಿದೆ.