ವಾಹನದ ಜೊತೆಗೆ ಚಾಲಕನ ಸಂಬಳವನ್ನೂ ಕೊಡಿ

ವ್ಯವಸ್ಥಾಪಕ ನಿರ್ದೇಶಕರು ಹಾಗೂ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ,
ಕೆನರಾ ಬ್ಯಾಂಕ್, ಪ್ರಧಾನ ಕಚೇರಿ, ಜೆ.ಸಿ. ರಸ್ತೆ, ಬೆಂಗಳೂರು

ಮಾನ್ಯರೇ,

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೆಲವು ಸಣ್ಣ ಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ವಿಶೇಷ ಮಕ್ಕಳ ಶಾಲೆ, ವೃದ್ಧಾಶ್ರಮ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ತಂಡ, ಇಂಥವು. ಮಾರ್ಚ್ ಬಂತೆಂದರೆ ಇವರೆಲ್ಲರ ರಸೀದಿ ಪುಸ್ತಕ, ವೋಚರು, ಪಾಸ್‌ಬುಕ್ಕುಗಳು ನನ್ನ ಮೇಜಿನ ಮೇಲಿರುತ್ತವೆ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಕೊಟ್ಟರು, ಯಾವುದಕ್ಕೆ ಕೊಡಲು ಒಪ್ಪಲಿಲ್ಲ ಎಂಬುದೆಲ್ಲ ಅಲ್ಲಿ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿ ನೋಡಿ ನಿಮ್ಮಲ್ಲಿ ಒಂದು ಮಾತು ಕೇಳಬೇಕೆನಿಸಿದೆ: ವಸ್ತುವಿಗೆ ಕೊಡುವಷ್ಟೇ ಧಾರಾಳವಾಗಿ ಕೆಲಸ ಮಾಡುವ ಮನುಷ್ಯರ ಸಂಬಳಕ್ಕೂ ಕೊಡಿ. ಅದನ್ನೂ ಒಂದು ವರ್ಷಕ್ಕೆ ನಿಲ್ಲಿಸದೆ, ಮೂರು ವರ್ಷ ಕೊಡಿ.

ನಿಮಗೇ ಬರೆಯಲು ಕಾರಣವಿದೆ. ನಿಮ್ಮ ಬ್ಯಾಂಕನ್ನು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮೊದಲು ಕಟ್ಟಿದ್ದು ಶಾಲೆಗಳನ್ನು. ಮಂಗಳೂರಿನ ಕೆನರಾ ಹೈಸ್ಕೂಲು 1891ರದ್ದು, ಹೆಣ್ಣುಮಕ್ಕಳ ಶಾಲೆ 1894ರದ್ದು. ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರುವಾದದ್ದು ಆಮೇಲೆ, 1906ರ ಜುಲೈ 1ರಂದು. ಬ್ಯಾಂಕು ಸಮಾಜದ ಹಣಕಾಸಿನ ಹೃದಯವಾದರೆ ಸಾಲದು, ಸಾಮಾಜಿಕ ಹೃದಯವೂ ಆಗಬೇಕು ಎಂಬ ಆಶಯ ನಿಮ್ಮ ಸ್ಥಾಪನಾ ತತ್ವಗಳಲ್ಲೇ ಇದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಅದೇ 1906ರಲ್ಲಿ ಆರಂಭಿಸಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ಊರಿನ ಬಡವರ ಕಾಸಿನಿಂದ ಬೆಳೆದ ಬ್ಯಾಂಕುಗಳು ಇವು.

2019ರ ಏಪ್ರಿಲ್ 1ರಂದು ಈ ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು, ಸಿಂಡಿಕೇಟ್ ಬ್ಯಾಂಕ್ ನಿಮ್ಮೊಳಗೆ ಬಂತು. ಮಂಗಳೂರು, ಮಣಿಪಾಲಗಳ ಪ್ರಧಾನ ಕಚೇರಿಗಳಲ್ಲಿ ಆಗುತ್ತಿದ್ದ ತೀರ್ಮಾನಗಳು ಮುಂಬಯಿಗೂ ಬೆಂಗಳೂರಿಗೂ ಹೋದವು. ಊರವರಿಗೆ ಇದರ ನೋವು ಇನ್ನೂ ಆರಿಲ್ಲ. ವಿಲೀನದ ಸರಿ ತಪ್ಪಿನ ಚರ್ಚೆ ಇಲ್ಲಿ ಬೇಡ. ಆದರೆ ಸಿಂಡಿಕೇಟ್ ಬ್ಯಾಂಕಿನ ಆಸ್ತಿ, ಸಾಲಗಳ ಜೊತೆ ನೀವಿಬ್ಬರೂ ಸೇರಿ ಹೊತ್ತಿದ್ದ ಒಂದು ದೊಡ್ಡ ಪುಣ್ಯದ ಕೆಲಸದಲ್ಲಿ ಅದರ ಪಾಲಿನ ಹೊಣೆಯೂ ನಿಮ್ಮ ಪಾಲಿಗೆ ಬಂದಿದೆ. ಅದು ರುಡ್‌ಸೆಟಿ, ಅಂದರೆ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ.

1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಈ ಸಂಸ್ಥೆಯನ್ನು ಆರಂಭಿಸಿದವು. ಮುಂದೆ ನಿಂತು ನಡೆಸಿದವರು ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ: ಹೊಲಿಗೆ, ಮೋಟಾರು ರಿವೈಂಡಿಂಗ್, ಹೈನುಗಾರಿಕೆ, ಮೊಬೈಲ್ ರಿಪೇರಿ. ಕೆಲವು ವಾರಗಳಲ್ಲಿ ತರಬೇತಿ ಮುಗಿಯುತ್ತದೆ. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಉಜಿರೆಯವರು ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆ ಹೋದದ್ದು ತರಬೇತಿ ಮುಗಿದ ಮೇಲೆ. ಕಲಿತು ಹೋದವರ ಬೆನ್ನು ಬಿಡದೆ ಎರಡು ವರ್ಷ ವಿಚಾರಿಸುತ್ತಾರೆ. ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ತೆರೆದದ್ದು ನಡೆಯುತ್ತಿದೆಯೇ, ನಡೆಯದಿದ್ದರೆ ಎಲ್ಲಿ ಎಡವಿದರು? ಪತ್ರ ಬರೆದು, ಫೋನು ಮಾಡಿ, ಬೇಕಾದರೆ ಮನೆಗೇ ಹೋಗಿ ಕೇಳುತ್ತಾರೆ. ಹೀಗೆ ವಿಚಾರಿಸಲು ಸಿಬ್ಬಂದಿ ಬೇಕು, ಸಿಬ್ಬಂದಿಗೆ ತಿಂಗಳು ತಿಂಗಳು ಸಂಬಳ ಬೇಕು. ಬ್ಯಾಂಕುಗಳು ಆ ಖರ್ಚನ್ನು ಹೊತ್ತವು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಹಿಡಿದು, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು (ಆರ್‌ಸೆಟಿ) ತೆರೆಯಲು ಬ್ಯಾಂಕುಗಳಿಗೆ ಹೇಳಿತು. ಇಂದು ದೇಶದ ಬಹುತೇಕ ಜಿಲ್ಲೆಗಳಲ್ಲಿ ಅವು ಇವೆ. ಉಜಿರೆಯಂಥ ಒಂದು ಪೇಟೆ ದೇಶಕ್ಕೆ ಇಂಥದ್ದೊಂದನ್ನು ಕೊಟ್ಟಿತೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆ.

ಕಾರ್ಕಳದ ಬಳಿ ಮಿಯಾರಿನಲ್ಲಿರುವ ನಿಮ್ಮ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯದ್ದೂ ಇದೇ ಕಥೆ. ಕಲ್ಲು, ಮರ, ಲೋಹದಲ್ಲಿ ವಿಗ್ರಹ ಕೆತ್ತುವುದನ್ನು ಅಲ್ಲಿ ವರ್ಷಕ್ಕೂ ಮಿಕ್ಕಿ ಉಳಿಸಿಕೊಂಡು ಕಲಿಸುತ್ತಾರೆ. ಉಳಿ ಹಿಡಿಯುವ ಕೈಗೆ ಹದ ಬರಲು ಅಷ್ಟು ಕಾಲ ಬೇಕೇ ಬೇಕು.

ಅಂದರೆ, ತಾಳ್ಮೆಯ ದೇಣಿಗೆ ಎಂದರೇನು ಎಂದು ನಿಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ನಿಮ್ಮ ಸ್ವಂತ ಸಂಸ್ಥೆಗಳಿಗೆ ತೋರಿದ ತಾಳ್ಮೆಯನ್ನು ಊರಿನ ಇತರ ಸೇವಾ ಸಂಸ್ಥೆಗಳಿಗೂ ತೋರಿ ಎಂಬುದೇ ನನ್ನ ಬೇಡಿಕೆ.

ನಾನು ಲೆಕ್ಕ ನೋಡುವ ಒಂದು ವಿಶೇಷ ಮಕ್ಕಳ ಶಾಲೆಯ ವಿಷಯ ಹೇಳುತ್ತೇನೆ. ಶಾಲೆಯ ಹೆಸರೂ ಬೇಡ, ದಾನಿಯ ಹೆಸರೂ ಬೇಡ. ಮಕ್ಕಳನ್ನು ಕರೆತರಲೆಂದು ಅವರಿಗೆ ಒಂದು ವ್ಯಾನು ದಾನವಾಗಿ ಬಂತು. ಬಾಗಿಲಿನ ಎರಡೂ ಕಡೆ ದಾನಿಯ ಲಾಂಛನ, ಕೀಲಿಕೈ ಹಸ್ತಾಂತರದ ಫೋಟೋ, ಪತ್ರಿಕೆಯಲ್ಲಿ ಸುದ್ದಿ. ದಾನಪತ್ರದಲ್ಲಿ ಚಾಲಕನ ಸಂಬಳದ ಮಾತಿರಲಿಲ್ಲ. ಡೀಸೆಲ್, ವಿಮೆ, ಅರ್ಹತಾ ಪತ್ರ (ಎಫ್‌ಸಿ), ಟಯರು ಯಾವುದರ ಮಾತೂ ಇರಲಿಲ್ಲ. ಮೊದಲ ವರ್ಷ ಹೇಗೋ ಓಡಿತು. ಎರಡನೆಯ ವರ್ಷ ವಿಮೆ ಕಟ್ಟಲು ಹಣವಿಲ್ಲದೆ ಶೆಡ್ಡಿನಲ್ಲಿ ನಿಂತಿತು. ದೂರದಿಂದ ಬರುತ್ತಿದ್ದ ಮಕ್ಕಳನ್ನು ತಾಯಂದಿರು ಎತ್ತಿಕೊಂಡು ಬಸ್ಸಿನಲ್ಲಿ ತರತೊಡಗಿದರು. ಹತ್ತು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸು ಹತ್ತುವುದು ಎಷ್ಟು ದಿನ ಸಾಧ್ಯ? ಮಳೆಗಾಲ ಬಂದ ಮೇಲೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗೆರೆಗಳು ಹೆಚ್ಚಿದವು.

ಅದೇ ಶಾಲೆಯಲ್ಲಿ ಒಬ್ಬ ಶಿಕ್ಷಕಿ ಇದ್ದರು. ಮೆದುಳಿನ ಪಾರ್ಶ್ವವಾಯುವಿನ ಒಬ್ಬ ಹುಡುಗನಿಗೆ ಚಮಚ ಹಿಡಿದು ತಾನೇ ಗಂಜಿ ಉಣ್ಣಲು ಕಲಿಸಿದವರು ಅವರು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಅವನ ಮಣಿಕಟ್ಟಿಗೆ ತಮ್ಮ ಕೈಯ ಆಧಾರ ಕೊಟ್ಟು, ಪ್ರತಿ ಮಧ್ಯಾಹ್ನ. ಕಲಿಯಲು ವರ್ಷವೇ ಹಿಡಿಯಿತು. ಅವರು ಕೆಲಸ ಬಿಟ್ಟದ್ದು ಬೇಸರದಿಂದಲ್ಲ, ಐದು ತಿಂಗಳ ಗೌರವಧನ ಬಾಕಿಯಾಗಿ ಮನೆ ನಡೆಸಲು ಆಗದೆ. ಆ ವರ್ಷ ಶಾಲೆಗೆ ಬಂದ ದೇಣಿಗೆ ಸಾಕಷ್ಟಿತ್ತು. ಎಲ್ಲವೂ ಕಂಪ್ಯೂಟರು, ನೀರು ಶುದ್ಧೀಕರಿಸುವ ಯಂತ್ರ, ಸೌರದೀಪಗಳ ಲೆಕ್ಕದಲ್ಲಿ. ಸಂಬಳಕ್ಕೆ ತಿರುಗಿಸಿಕೊಳ್ಳಲು ನಿಯಮ ಬಿಡಲಿಲ್ಲ. ಲೆಕ್ಕ ಬರೆಯುವವನಾಗಿ ನಾನೂ ಬಿಡುವಂತಿರಲಿಲ್ಲ.

ಸಂಬಳಕ್ಕೆ ಕೊಟ್ಟರೆ ಹಣ ಪೋಲಾಗುತ್ತದೆ, ತೋರಿಸಲು ಏನೂ ಉಳಿಯುವುದಿಲ್ಲ ಎಂಬ ಅಂಜಿಕೆ ಅಧಿಕಾರಿಗಳಲ್ಲಿದೆ. ನ್ಯಾಯವಾದ ಅಂಜಿಕೆಯೇ. ಸಾರ್ವಜನಿಕರ ಹಣಕ್ಕೆ ಲೆಕ್ಕ ಕೊಡಬೇಕಾದವರು ನೀವು. ಆದರೆ ಅದಕ್ಕೆ ಉಪಾಯವೂ ನಿಮ್ಮ ಕೈಯಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಕೊಡಿ, ಸಿಬ್ಬಂದಿಯ ಖಾತೆಗೇ ಸಂಬಳ ಜಮೆಯಾಗಲಿ ಎಂಬ ಷರತ್ತು ಹಾಕಿ, ಹತ್ತಿರದ ಶಾಖೆಯ ಮ್ಯಾನೇಜರ್ ಹೋಗಿ ನೋಡಿ ಬರಲಿ. ಶೆಡ್ಡಿನಲ್ಲಿ ನಿಂತ ವ್ಯಾನಿಗಿಂತ ಇದರ ಲೆಕ್ಕ ಹಿಡಿಯುವುದು ಸುಲಭ.

ಕಂಪನಿ ಕಾಯ್ದೆಯಡಿ ಬರುವ ಖಾಸಗಿ ಬ್ಯಾಂಕುಗಳ ಕಡೆಯಿಂದ ಇನ್ನೊಂದು ಮಾತು ಕೇಳಿಬರುತ್ತದೆ: ಆಡಳಿತ ವೆಚ್ಚ ಶೇ 5 ಮೀರಬಾರದಂತೆ, ಹಾಗಾಗಿ ಸಂಬಳ ಕೊಡಲಾಗದಂತೆ. ಆ ಮಿತಿ ಇರುವುದು ದೇಣಿಗೆ ಕೊಡುವ ಕಂಪನಿಯ ಆಡಳಿತ ವೆಚ್ಚಕ್ಕೆ. ಯೋಜನೆಯನ್ನು ನಡೆಸಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲವೆಂದು ನಿಯಮವೇ ಹೇಳುತ್ತದೆ. ಮೂರು ವರ್ಷಗಳವರೆಗೆ ಮುಂದುವರಿಯುವ ಯೋಜನೆಗೂ ಅದೇ ಕಾನೂನಿನಲ್ಲಿ ಅವಕಾಶವಿದೆ. ನಿಮ್ಮದು ರಾಷ್ಟ್ರೀಕೃತ ಬ್ಯಾಂಕು, ಆ ಕಾಯ್ದೆ ನಿಮಗೆ ಅನ್ವಯಿಸದು. ರಿಸರ್ವ್ ಬ್ಯಾಂಕ್ ದೇಣಿಗೆಗೆ ಹಾಕಿದ ಮಿತಿ ಹಿಂದಿನ ವರ್ಷದ ಲಾಭದ ಶೇ 1. 2024–25ರಲ್ಲಿ ನಿಮ್ಮ ನಿವ್ವಳ ಲಾಭ 17,000 ಕೋಟಿ ರೂಪಾಯಿ ದಾಟಿದೆ, ಅದರ ಶೇ 1 ಎಂದರೆ 170 ಕೋಟಿ. ನಾನು ಹೇಳುವ ಶಾಲೆಗಳಿಗೆ, ಆರೈಕೆ ತಂಡಗಳಿಗೆ ಬೇಕಾದದ್ದು ವರ್ಷಕ್ಕೆ ಕೆಲವೇ ಲಕ್ಷ.

ಆಯ್ಕೆ ಯಾರು ಮಾಡಬೇಕು? ಶಾಖೆಯವರು. ಕೆನರಾ ವಿದ್ಯಾಜ್ಯೋತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ತಲುಪುವುದು ನಿಮ್ಮ ಶಾಖೆಗಳ ಮೂಲಕವೇ. ಊರಿನ ಸಂಸ್ಥೆಯನ್ನು ಗುರುತಿಸಲೂ ಅವರಿಗೆ ಬರುತ್ತದೆ. ಅರ್ಜಿ ಕನ್ನಡದಲ್ಲಿರಲಿ, ಶಾಖೆಯಲ್ಲೇ ಸಿಗಲಿ. ಈಗಿನ ಬಹುಪಾಲು ಅರ್ಜಿಗಳು ಇಂಗ್ಲಿಷಿನಲ್ಲಿ, ಆನ್‌ಲೈನಿನಲ್ಲಿ ಇರುತ್ತವೆ. ಅವನ್ನು ಚೆನ್ನಾಗಿ ತುಂಬಬಲ್ಲ ಸಂಸ್ಥೆಗೆ ಹಣ ಹೋಗುತ್ತದೆ, ಚೆನ್ನಾಗಿ ಕೆಲಸ ಮಾಡಬಲ್ಲ ಸಂಸ್ಥೆ ಹೊರಗೆ ಉಳಿಯುತ್ತದೆ.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ, ಖರ್ಚೂ ಹೆಚ್ಚಿಲ್ಲ. ಸಣ್ಣ ಸಂಸ್ಥೆಗಳು ದೇಣಿಗೆಯಿಂದ ವಂಚಿತವಾಗುವುದು ಹೆಚ್ಚಾಗಿ ಕಾಗದಪತ್ರದಲ್ಲಿ: ಆದಾಯ ತೆರಿಗೆ ಕಾಯ್ದೆಯಡಿಯ ನೋಂದಣಿ, ಲೆಕ್ಕಪರಿಶೋಧನೆಯ ವರದಿ, ಹಣ ಬಳಕೆಯ ಪ್ರಮಾಣಪತ್ರ. ರುಡ್‌ಸೆಟಿಯಲ್ಲಿ ಹೊಲಿಗೆಗೆ, ಹೈನುಗಾರಿಕೆಗೆ ತಂಡಗಳಿರುವಂತೆ ಸೇವಾ ಸಂಸ್ಥೆಗಳ ಲೆಕ್ಕ ಬರೆಯುವವರಿಗೂ ವರ್ಷಕ್ಕೊಂದು ತಂಡ ನಡೆಸಿ. ಎರಡು ವರ್ಷದ ವಿಚಾರಣೆ ಅವರಿಗೂ ಇರಲಿ. ಮೊದಲ ತಂಡವನ್ನು ಉಜಿರೆಯಲ್ಲೇ ಆರಂಭಿಸುವುದಾದರೆ ಪಾಠ ಹೇಳಲು ನಾನು ಬರುತ್ತೇನೆ. ಸಂಭಾವನೆ ಬೇಡ. ಏಪ್ರಿಲ್, ಮೇ ತಿಂಗಳು ಬಿಟ್ಟು ಯಾವಾಗ ಕರೆದರೂ ಸರಿ.

ಇಂತಿ ವಿಶ್ವಾಸಿ,
ಕರಾವಳಿಯ ಒಬ್ಬ ಲೆಕ್ಕಿಗ, ನಿಮ್ಮ ಬ್ಯಾಂಕಿನ ಹಳೆಯ ಗ್ರಾಹಕ